ಒಂದು ಇಂಗಾಲ, ಎರಡು ಇಂಗಾಲ: ಸರಳ ಹೈಡ್ರೋಕಾರ್ಬನ್‌ಗಳ ಗುಣಸ್ವಭಾವ

1776ರ ನವೆಂಬರ್ ತಿಂಗಳು. ಇಟಲಿಯ ಉತ್ತರ ಭಾಗದ ಮಜ್ಜೋರೆ ಸರೋವರದಲ್ಲಿ, ಜೊಂಡು ಬೆಳೆದ ದಡದ ಹತ್ತಿರ, ಅಲೆಸ್ಸಾಂಡ್ರೊ ವೋಲ್ಟಾ ದೋಣಿಯಲ್ಲಿ ಕುಳಿತು ಕೋಲಿನಿಂದ ತಳದ ಕೆಸರನ್ನು ಕಲಕುತ್ತಿದ್ದರು. ಕಲಕಿದಲ್ಲೆಲ್ಲ ಗುಳುಗುಳು ಎಂದು ಗುಳ್ಳೆಗಳು ಮೇಲೆದ್ದವು. ನೀರು ತುಂಬಿದ ಪಾತ್ರೆಯನ್ನು ಬೋರಲು ಹಿಡಿದು ಆ ಗುಳ್ಳೆಗಳನ್ನು ಅವರು ಸೆರೆಹಿಡಿದರು. ಬೆಂಕಿ ತಾಗಿಸಿದಾಗ ಆ ಅನಿಲ ನೀಲಿಯಾಗಿ ಉರಿಯಿತು. ಮುಂದೆ ವಿದ್ಯುತ್ ಕೋಶವನ್ನು ಕಟ್ಟಿದ, ವೋಲ್ಟ್ ಎಂಬ ಮಾನಕ್ಕೆ ಹೆಸರಾದ ವಿಜ್ಞಾನಿ ಇವರೇ. ಅವರು ಅಂದು ಹಿಡಿದಿಟ್ಟದ್ದು ಮೀಥೇನ್, ಹೈಡ್ರೋಕಾರ್ಬನ್‌ಗಳಲ್ಲೆಲ್ಲ ಅತಿ ಚಿಕ್ಕದು.

ಹೈಡ್ರೋಕಾರ್ಬನ್ ಅಣುವಿನಲ್ಲಿ ಇರುವುದು ಎರಡೇ ಧಾತು: ಇಂಗಾಲ ಮತ್ತು ಜಲಜನಕ. ಇಂಗಾಲದ ಪ್ರತಿ ಪರಮಾಣುವಿಗೆ ನಾಲ್ಕು ಬಂಧ ಬೇಕು, ಜಲಜನಕಕ್ಕೆ ಒಂದು ಸಾಕು. ಒಂದು ಇಂಗಾಲದ ಸುತ್ತ ನಾಲ್ಕು ಜಲಜನಕ ಕೂಡಿದರೆ ಮೀಥೇನ್. ಎರಡು ಇಂಗಾಲ, ಆರು ಜಲಜನಕ ಕೂಡಿದರೆ ಈಥೇನ್. ಮೂರು ಇಂಗಾಲ, ಎಂಟು ಜಲಜನಕವಾದರೆ ಪ್ರೊಪೇನ್. ನಾಲ್ಕು, ಹತ್ತು ಆದರೆ ಬ್ಯೂಟೇನ್. ಲೆಕ್ಕ ಇಷ್ಟು ಸರಳ. ಆದರೂ ಈ ಎರಡೇ ಧಾತುಗಳಿಂದ ಆದ ವಸ್ತುಗಳಲ್ಲಿ ಒಂದು ಗಾಳಿಗಿಂತ ಹಗುರ, ಇನ್ನೊಂದು ನೆಲಕ್ಕಂಟಿ ಹರಿಯುವಷ್ಟು ಭಾರ. ಒಂದು ಉಕ್ಕನ್ನು ಕತ್ತರಿಸುವ ಜ್ವಾಲೆ, ಇನ್ನೊಂದು ಕಾಯಿಯನ್ನು ಹಣ್ಣು ಮಾಡುವ ಸಂದೇಶ. ಒಂದು ಹಾಲಿನ ಪೊಟ್ಟಣ, ಇನ್ನೊಂದು ಮೇಣದ ಬತ್ತಿ. ಅಣುವಿನಲ್ಲಿ ಎಷ್ಟು ಇಂಗಾಲ, ಅವು ಯಾವ ಆಕಾರದಲ್ಲಿ ಕೂಡಿವೆ, ಅವುಗಳ ನಡುವೆ ಎಷ್ಟು ಬಂಧ ಎಂಬ ಮೂರು ಸಂಗತಿ ತಿಳಿದರೆ ಆ ವಸ್ತುವಿನ ನಡವಳಿಕೆಯನ್ನು ಬಹುಮಟ್ಟಿಗೆ ಮುಂದಾಗಿಯೇ ಹೇಳಬಹುದು. ಇಂಥ ಅಣುಗಳನ್ನು ದಿನವೂ ಉರಿಸುವ ಪ್ರತಿ ಮನೆಗೂ ಈ ತಿಳಿವಳಿಕೆ ಬೇಕು.

ಮೀಥೇನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಸಾಂದ್ರತೆಯ ಅರ್ಧಕ್ಕಿಂತ ತುಸು ಹೆಚ್ಚು ಸಾಂದ್ರತೆ ಇರುವುದರಿಂದ ಅದು ಮೇಲಕ್ಕೇರುತ್ತದೆ. ಕಲ್ಲಿದ್ದಲ ಗಣಿಗಳಲ್ಲಿ ಅದು ಬಿರುಕುಗಳಿಂದ ಸೋರಿ ಸುರಂಗದ ಮೇಲ್ಛಾವಣಿಗೆ ಹೋಗಿ ಸೇರುತ್ತಿತ್ತು. ದೀಪ ಹಿಡಿದು ಒಳಹೋದ ಗಣಿಗಾರನಿಗೆ ಅದು ಕಾಣುತ್ತಿರಲಿಲ್ಲ. 1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ನಡೆದ ಸ್ಫೋಟದಲ್ಲಿ 92 ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ದುರಂತದ ಬಳಿಕ ಗಣಿದೀಪದ ಪ್ರಶ್ನೆ ವಿಜ್ಞಾನಿ ಹಂಫ್ರಿ ಡೇವಿ ಅವರ ಮುಂದೆ ಬಂತು.

ಡೇವಿ ಮೊದಲು ಮಾಡಿದ್ದು ಅನಿಲದ ಗುಣವನ್ನು ಅಳೆಯುವ ಕೆಲಸ. ಮೀಥೇನ್ ಗಾಳಿಯಲ್ಲಿ ಬೆರೆತ ಮಾತ್ರಕ್ಕೆ ಸಿಡಿಯುವುದಿಲ್ಲ. ನೂರಕ್ಕೆ 5 ಪಾಲಿಗಿಂತ ಕಡಿಮೆಯಿದ್ದರೆ ಇಂಧನ ಸಾಲದು, 15 ಪಾಲಿಗಿಂತ ಹೆಚ್ಚಿದ್ದರೆ ಆಮ್ಲಜನಕ ಸಾಲದು. ಈ ಎರಡರ ನಡುವೆ ಇದ್ದಾಗ ಮಾತ್ರ ಅಪಾಯ, ಅದೂ ಸಾಕಷ್ಟು ಬಿಸಿ ತಾಗಿದಾಗ. ಹಾಗಾದರೆ ಜ್ವಾಲೆಯ ಬಿಸಿಯನ್ನು ಹೊರಗೆ ಹೋಗಗೊಡದಿದ್ದರೆ ಆಯಿತಲ್ಲವೇ? ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ಲೋಹದ ಬಲೆ ಹೊದಿಸಿದರು. ಅನಿಲ ಬಲೆ ದಾಟಿ ಒಳಬಂದು ಉರಿಯುತ್ತದೆ. ಲೋಹ ಆ ಶಾಖವನ್ನು ಹೀರಿ ಹರಡಿಬಿಡುವುದರಿಂದ ಜ್ವಾಲೆ ಮಾತ್ರ ಹೊರಗೆ ದಾಟುವುದಿಲ್ಲ. 1816ರ ಜನವರಿಯಲ್ಲಿ ಹೆಬ್ಬರ್ನ್ ಗಣಿಯೊಳಗೆ ಈ ದೀಪದ ಪರೀಕ್ಷೆ ನಡೆಯಿತು. ಜ್ವಾಲೆಯ ತುದಿಯಲ್ಲಿ ನೀಲಿ ಟೊಪ್ಪಿಗೆಯಂತೆ ಏನಾದರೂ ಕಂಡರೆ ಮೀಥೇನ್ ಇದೆ ಎಂದು ಗಣಿಗಾರರು ತಿಳಿಯತೊಡಗಿದರು. ಬೆಳಕು ಕೊಡುವ ದೀಪವೇ ಅಪಾಯವನ್ನೂ ಅಳೆಯತೊಡಗಿತು. ಡೇವಿ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಮೀಥೇನನ್ನು ದ್ರವ ಮಾಡಬೇಕೆಂದರೆ ಸೊನ್ನೆಗಿಂತ 161.5 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪು ಮಾಡಬೇಕು. ಹಾಗೆ ಮಾಡಿದರೆ ಅದರ ಗಾತ್ರ ಸುಮಾರು ಆರುನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದೇ ಕಾರಣಕ್ಕೆ ನೈಸರ್ಗಿಕ ಅನಿಲ ಸಮುದ್ರ ದಾಟಿ ಬರುವುದು ಶೀತಲ ಟ್ಯಾಂಕುಗಳ ಹಡಗಿನಲ್ಲಿ. ಕೊಚ್ಚಿಯ ಬಂದರಿನಲ್ಲಿ ಇಳಿದ ದ್ರವವನ್ನು ಮತ್ತೆ ಬಿಸಿಮಾಡಿ ಅನಿಲವಾಗಿಸಿ, ಸುಮಾರು 450 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳುಹಿಸುತ್ತಾರೆ. ಈ ಕೊಳವೆಮಾರ್ಗ 2021ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ಅದಕ್ಕೂ ಮೊದಲೇ, 2013ರಲ್ಲಿ, ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಇನ್ನೊಂದು ಕೊಳವೆ ಬಂದಿತ್ತು.

ಅಷ್ಟು ಚಳಿ ಸಹಜವಾಗಿಯೇ ಇರುವ ಲೋಕವೂ ಒಂದಿದೆ. ಶನಿಗ್ರಹದ ಉಪಗ್ರಹ ಟೈಟಾನ್‌ನ ನೆಲದ ಉಷ್ಣತೆ ಸೊನ್ನೆಗಿಂತ ಸುಮಾರು 179 ಡಿಗ್ರಿ ಕೆಳಗೆ. ಮೀಥೇನ್ ಹೆಪ್ಪುಗಟ್ಟುವುದು ಸೊನ್ನೆಗಿಂತ 182.5 ಡಿಗ್ರಿ ಕೆಳಗೆ. ಅಂದರೆ ಟೈಟಾನ್‌ನಲ್ಲಿ ಅದು ದ್ರವ. ಅಲ್ಲಿ ಮೀಥೇನ್ ಮೋಡ ಕಟ್ಟುತ್ತದೆ, ಮಳೆಯಾಗಿ ಸುರಿಯುತ್ತದೆ, ತೊರೆಯಾಗಿ ಹರಿದು ಮೀಥೇನ್-ಈಥೇನ್‌ಗಳ ಕಡಲು ಸೇರುತ್ತದೆ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಅಲ್ಲಿ ಇಳಿಯುವಾಗ ಕವಲೊಡೆದ ನದಿಪಾತ್ರಗಳ ಚಿತ್ರ ಕಳುಹಿಸಿತು. ನೆಲದ ಮೇಲೆ ಕಂಡ ನುಣುಪು ಕಲ್ಲುಗಳು ನೀರಿನ ಮಂಜುಗಡ್ಡೆಯವು.

ಅದೇ ಮೀಥೇನ್ ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್‌ನಲ್ಲೂ ಇದೆ. ಗಾಳಿಯಾಡದ ಗುಂಡಿಯಲ್ಲಿ ಸಗಣಿಯನ್ನು ಸೂಕ್ಷ್ಮಜೀವಿಗಳು ಕೊಳೆಸಿದಾಗ ಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿನವರೆಲ್ಲ ಸೇರಿ ನಡೆಸುವ ಘಟಕ ಕಟ್ಟಿತು. ಊರಿನ ದನಗಳ ಸಗಣಿಯಿಂದ ಬಂದ ಅನಿಲ ಎಂಜಿನ್ ಓಡಿಸಿತು, ಮನೆಗಳಿಗೆ ದೀಪ ಮತ್ತು ಕುಡಿಯುವ ನೀರು ಕೊಟ್ಟಿತು. ಅನಿಲ ಕೊಟ್ಟ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ರೈತರಿಗೆ ಹಿಂದಿರುಗಿತು.

ಒಂದು ಇಂಗಾಲದಿಂದ ಮುಂದೆ ಹೋದಂತೆ ಕುದಿಬಿಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈಥೇನ್ ಕುದಿಯುವುದು ಸೊನ್ನೆಗಿಂತ 89 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಹೆಚ್ಚು ಕಡಿಮೆ ಸೊನ್ನೆಯಲ್ಲೇ. ಐದು ಇಂಗಾಲದ ಪೆಂಟೇನ್ 36 ಡಿಗ್ರಿಯಲ್ಲಿ, ಆರು ಇಂಗಾಲದ ಹೆಕ್ಸೇನ್ 69ರಲ್ಲಿ, ಎಂಟು ಇಂಗಾಲದ ಆಕ್ಟೇನ್ 126ರಲ್ಲಿ ಕುದಿಯುತ್ತದೆ. ಈ ಅಣುಗಳಲ್ಲಿ ಗಟ್ಟಿಯಾದ ಧನ-ಋಣ ತುದಿಗಳಿಲ್ಲ. ಎಲೆಕ್ಟ್ರಾನ್‌ಗಳ ಹಂಚಿಕೆ ಕ್ಷಣಕ್ಷಣಕ್ಕೂ ಅತ್ತಿತ್ತ ಸರಿಯುವುದರಿಂದ ಹುಟ್ಟುವ ಸಣ್ಣ ಸೆಳೆತವಷ್ಟೇ ಅವುಗಳನ್ನು ಹತ್ತಿರ ಹಿಡಿದಿಡುತ್ತದೆ. ಭೌತವಿಜ್ಞಾನಿ ಫ್ರಿಟ್ಸ್ ಲಂಡನ್ 1930ರ ಹೊತ್ತಿಗೆ ಈ ಸೆಳೆತವನ್ನು ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು. ಅಣು ಉದ್ದವಾದಷ್ಟೂ ಒಂದಕ್ಕೊಂದು ತಾಗುವ ಮೈ ಹೆಚ್ಚು, ಸೆಳೆತ ಹೆಚ್ಚು, ಬಿಡಿಸಲು ಬೇಕಾದ ಶಾಖವೂ ಹೆಚ್ಚು.

ಆಕಾರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಐದು ಇಂಗಾಲ, ಹನ್ನೆರಡು ಜಲಜನಕ ಇರುವ ಪೆಂಟೇನ್ ಮೂರು ರೂಪಗಳಲ್ಲಿ ಸಿಗುತ್ತದೆ. ನೇರ ಸರಪಳಿಯ ಪೆಂಟೇನ್ 36 ಡಿಗ್ರಿಯಲ್ಲಿ ಕುದಿದರೆ, ಒಂದು ಕವಲಿರುವುದು 28ರಲ್ಲಿ, ನಡುವಿನ ಇಂಗಾಲದ ಸುತ್ತ ನಾಲ್ಕೂ ಕಡೆ ಕವಲೊಡೆದು ಉಂಡೆಯಾಗಿರುವುದು 9.5ರಲ್ಲಿ ಕುದಿಯುತ್ತದೆ. ಕಬ್ಬಿನ ಜಲ್ಲೆಗಳನ್ನು ಒತ್ತಾಗಿ ಜೋಡಿಸಿ ಹೊರೆ ಕಟ್ಟಬಹುದು, ತೆಂಗಿನಕಾಯಿಗಳನ್ನು ಹಾಗೆ ಕಟ್ಟಲಾಗದು. ಅಣುಗಳ ಕಥೆಯೂ ಅಷ್ಟೇ. ಇಂಗಾಲ ಹೆಚ್ಚಿದಂತೆ ಇಂಥ ರೂಪಗಳ ಸಂಖ್ಯೆ ನಂಬಲಾರದಷ್ಟು ಬೆಳೆಯುತ್ತದೆ. ಬ್ಯೂಟೇನ್‌ಗೆ 2, ಆಕ್ಟೇನ್‌ಗೆ 18, ಹತ್ತು ಇಂಗಾಲದ ಡೆಕೇನ್‌ಗೆ 75. ಇಪ್ಪತ್ತು ಇಂಗಾಲಕ್ಕೆ ಹೋದರೆ ಲೆಕ್ಕದಲ್ಲಿ ಬರುವ ರೂಪಗಳು 3,66,319.

ಮಂಗಳೂರಿನ ಎಂಆರ್‌ಪಿಎಲ್ ಇರಲಿ, ಬೇರೆಲ್ಲಿಯದೇ ಸಂಸ್ಕರಣಾಗಾರ ಇರಲಿ, ಅಲ್ಲಿನ ಎತ್ತರದ ಗೋಪುರಗಳು ಕೆಲಸ ಮಾಡುವುದು ಈ ಕುದಿಬಿಂದುಗಳ ಏಣಿಯನ್ನು ನಂಬಿಯೇ. ಬಿಸಿ ಮಾಡಿದ ಕಚ್ಚಾ ತೈಲದ ಆವಿ ಗೋಪುರದಲ್ಲಿ ಮೇಲೇರುತ್ತ ತಣಿಯುತ್ತದೆ. ಉದ್ದ ಅಣುಗಳು ಕೆಳಗಿನ ತಟ್ಟೆಗಳಲ್ಲೇ ದ್ರವವಾಗಿ ನಿಲ್ಲುತ್ತವೆ, ಡೀಸೆಲ್ ಮತ್ತು ಸೀಮೆಎಣ್ಣೆ ಅದರ ಮೇಲೆ, ಪೆಟ್ರೋಲಿಗೆ ಬೇಕಾದವು ಇನ್ನೂ ಮೇಲೆ, ಅಡುಗೆ ಅನಿಲದ ಮೂರು-ನಾಲ್ಕು ಇಂಗಾಲದ ಅಣುಗಳು ತುದಿಯಲ್ಲಿ. ಇಪ್ಪತ್ತಕ್ಕಿಂತ ಹೆಚ್ಚು ಇಂಗಾಲವಿರುವ ನೇರ ಸರಪಳಿಗಳು ಸಾಮಾನ್ಯ ಉಷ್ಣತೆಯಲ್ಲಿ ಘನ. ಮೇಣದ ಬತ್ತಿ ಅದೇ. ಡೀಸೆಲ್‌ನಲ್ಲೂ ಸ್ವಲ್ಪ ಇಂಥ ಮೇಣ ಕರಗಿರುತ್ತದೆ. ಲಡಾಖ್‌ನ ಚಳಿಗಾಲದಲ್ಲಿ ಅದು ಹರಳುಗಟ್ಟಿ ಲಾರಿಗಳ ಇಂಧನ ಶೋಧಕ ಕಟ್ಟಿಕೊಳ್ಳುತ್ತಿತ್ತು. 2019ರಲ್ಲಿ ಇಂಡಿಯನ್ ಆಯಿಲ್ ಅಲ್ಲಿಗಾಗಿ ಬಿಡುಗಡೆ ಮಾಡಿದ ಚಳಿಗಾಲದ ಡೀಸೆಲ್ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವಂತೆ ತಯಾರಾದದ್ದು.

ನೀರಿಗೂ ಇವಕ್ಕೂ ಬೆರಕೆಯಿಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಬಲವಾಗಿ ಹಿಡಿದುಕೊಳ್ಳುತ್ತವೆ, ಹೈಡ್ರೋಕಾರ್ಬನ್‌ಗೆ ಅಲ್ಲಿ ಜಾಗವಿಲ್ಲ. ಜೊತೆಗೆ ಇವು ನೀರಿಗಿಂತ ಹಗುರ. ಅದಕ್ಕೇ ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನೂ ಹೊತ್ತು ಹರಿಯುತ್ತದೆ. ಎಣ್ಣೆ, ಕೊಬ್ಬುಗಳೊಂದಿಗೆ ಮಾತ್ರ ಇವು ಚೆನ್ನಾಗಿ ಬೆರೆಯುತ್ತವೆ. ಗಾಣದಲ್ಲಿ ಹಿಂಡಿದ ಮೇಲೂ ಹಿಂಡಿಯಲ್ಲಿ ಉಳಿಯುವ ಎಣ್ಣೆಯನ್ನು, ಅಕ್ಕಿ ತೌಡಿನೊಳಗಿನ ಎಣ್ಣೆಯನ್ನು ತೆಗೆಯಲು ಕಾರ್ಖಾನೆಗಳು ಹೆಕ್ಸೇನ್ ಬಳಸುವುದು ಇದಕ್ಕಾಗಿ. ಅದು ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ 69 ಡಿಗ್ರಿ ದಾಟಿಸಿದರೆ ತಾನು ಆವಿಯಾಗಿ ಬೇರ್ಪಟ್ಟು ಮತ್ತೆ ಬಳಕೆಗೆ ಒದಗುತ್ತದೆ.

ಇನ್ನು ರಾಸಾಯನಿಕ ಗುಣ. ಒಂಟಿ ಬಂಧಗಳಷ್ಟೇ ಇರುವ ಮೀಥೇನ್, ಪ್ರೊಪೇನ್, ಹೆಕ್ಸೇನ್‌ಗಳು ತಣ್ಣನೆಯ ಸ್ವಭಾವದವು. ಸಾಮಾನ್ಯ ಸ್ಥಿತಿಯಲ್ಲಿ ಆಮ್ಲವಾಗಲಿ ಕ್ಷಾರವಾಗಲಿ ಅವುಗಳನ್ನು ಸುಲಭಕ್ಕೆ ಅಲುಗಿಸಲಾರವು. ಕ್ಲೋರಿನ್ ಜೊತೆ ವರ್ತಿಸಬೇಕಾದರೂ ಬೆಳಕೋ ಶಾಖವೋ ಬೇಕು. ಬೆಂಕಿ ಹತ್ತಿದ ಮೇಲೆ ಮಾತ್ರ ಚಿತ್ರ ಬದಲಾಗುತ್ತದೆ. ಇಂಗಾಲ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಜಲಜನಕ ನೀರಾಗುತ್ತದೆ, ಶಾಖ ಧಾರಾಳವಾಗಿ ಹೊರಬರುತ್ತದೆ. ಗಾಳಿ ಸಾಲದಿದ್ದರೆ ಇದು ಅರ್ಧಕ್ಕೇ ನಿಲ್ಲುತ್ತದೆ. ಜ್ವಾಲೆ ಹಳದಿಯಾಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜನ ಪ್ರಾಣ ಕಳೆದುಕೊಳ್ಳುವುದು ಈ ಅರೆಬರೆ ದಹನದಿಂದ.

ಉರಿಯುವ ರೀತಿಯೂ ಆಕಾರದ ಮಾತು ಕೇಳುತ್ತದೆ. ಏಳು ಇಂಗಾಲದ ನೇರ ಹೆಪ್ಟೇನ್, ಎಂಜಿನ್ನಿನ ಒತ್ತಡದಲ್ಲಿ ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ಟಕಟಕ ಸದ್ದೆಬ್ಬಿಸುತ್ತದೆ. ಕವಲೊಡೆದ ಐಸೋಆಕ್ಟೇನ್ ಕಿಡಿ ಬರುವವರೆಗೆ ತಡೆದುಕೊಳ್ಳುತ್ತದೆ. 1926ರಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಹೆಪ್ಟೇನ್‌ಗೆ ಸೊನ್ನೆ, ಐಸೋಆಕ್ಟೇನ್‌ಗೆ ನೂರು ಎಂಬ ಮಾಪನ ಸೂಚಿಸಿದರು. ಅದಕ್ಕೆ ಬೇಕಾದ ಶುದ್ಧ ಹೆಪ್ಟೇನ್ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಜೆಫ್ರಿ ಪೈನ್ ಮರದ ಅಂಟಿನಿಂದ. ಪೆಟ್ರೋಲ್ ಬಂಕ್‌ಗಳಲ್ಲಿ ಇಂದು ಕಾಣುವ ಆಕ್ಟೇನ್ ಸಂಖ್ಯೆಯ ಬೇರು ಅಲ್ಲಿದೆ.

ಎರಡು ಇಂಗಾಲಗಳ ನಡುವೆ ಒಂದರ ಬದಲು ಎರಡು ಬಂಧ ಬಿದ್ದರೆ ಸ್ವಭಾವವೇ ಬೇರೆ. ಈಥೇನ್‌ನಿಂದ ಎರಡು ಜಲಜನಕ ಕಳೆದರೆ ಎಥಿಲೀನ್. ಎರಡನೆಯ ಬಂಧ ಸಡಿಲ. ಬ್ರೋಮಿನ್ ನೀರಿನಲ್ಲಿ ಈ ಅನಿಲ ಹಾಯಿಸಿದರೆ ಅದು ತೆರೆದುಕೊಂಡು ಬ್ರೋಮಿನ್ನನ್ನು ಸೇರಿಸಿಕೊಳ್ಳುತ್ತದೆ, ಕಂದು ಬಣ್ಣ ಮಾಯವಾಗುತ್ತದೆ. 1933ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್, ಎಥಿಲೀನನ್ನು ಇನ್ನೊಂದು ವಸ್ತುವಿನೊಂದಿಗೆ ಭಾರಿ ಒತ್ತಡದಲ್ಲಿಟ್ಟರು. ಬಯಸಿದ ಕ್ರಿಯೆ ನಡೆಯಲಿಲ್ಲ. ಪಾತ್ರೆಯಲ್ಲಿ ಬಿಳಿಯ ಮೇಣದಂಥ ವಸ್ತು ಉಳಿದಿತ್ತು. ಎಥಿಲೀನ್ ಅಣುಗಳು ತಮ್ಮ ಎರಡನೆಯ ಬಂಧ ಬಿಚ್ಚಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಪಾಲಿಥಿಲೀನ್ ಆಗಿದ್ದವು. ಎರಡನೆಯ ಮಹಾಯುದ್ಧದಲ್ಲಿ ಅದು ರೇಡಾರ್ ತಂತಿಗಳ ಹೊದಿಕೆಯಾಯಿತು. ಇಂದು ಬೆಳಗಾದರೆ ಬಾಗಿಲಿಗೆ ಬರುವ ನಂದಿನಿ ಹಾಲಿನ ಪೊಟ್ಟಣ ಅದರದೇ.

ಇದೇ ಎಥಿಲೀನ್ ಗಿಡಗಳಿಗೆ ಹಾರ್ಮೋನು. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ದಿಮಿತ್ರಿ ನೆಲ್ಯುಬೋವ್, ಪ್ರಯೋಗಾಲಯದೊಳಗಿನ ಬಟಾಣಿ ಸಸಿಗಳು ಕುಳ್ಳಾಗಿ, ದಪ್ಪನಾಗಿ, ಅಡ್ಡಡ್ಡ ಬೆಳೆಯಲು ಗ್ಯಾಸ್ ದೀಪದ ಅನಿಲದಲ್ಲಿದ್ದ ಎಥಿಲೀನ್ ಕಾರಣವೆಂದು ತೋರಿಸಿದರು. 1934ರಲ್ಲಿ ರಿಚರ್ಡ್ ಗೇನ್, ಹಣ್ಣಾಗುವ ಸೇಬು ತಾನೇ ಎಥಿಲೀನ್ ಬಿಡುತ್ತದೆ ಎಂದು ಸಾಬೀತುಪಡಿಸಿದರು. ಮಾವಿನಕಾಯಿಯನ್ನು ಒಣಹುಲ್ಲಿನ ನಡುವೆ ಮುಚ್ಚಿಡುವ, ಬಾಳೆಗೊನೆಗೆ ಹೊಗೆ ಹಾಕುವ ನಮ್ಮ ಪದ್ಧತಿಗಳ ಹಿಂದೆಯೂ ಈ ಅನಿಲವಿದೆ. ಹುಲ್ಲು ಕಾಯಿ ಬಿಟ್ಟ ಎಥಿಲೀನನ್ನು ಹೊರಹೋಗಗೊಡುವುದಿಲ್ಲ. ಹೊಗೆಯಲ್ಲಿ ಅದು ಸ್ವಲ್ಪ ಇದ್ದೇ ಇರುತ್ತದೆ.

ಮೂರು ಬಂಧವಾದರೆ ಅಸಿಟಿಲೀನ್. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ಬಿದ್ದರೆ ಇದು ಹುಟ್ಟುತ್ತದೆ. ಹಿಂದೆ ಮೋಟಾರು ಕಾರು, ಸೈಕಲ್ಲುಗಳ ಮುಂದೀಪ ಉರಿಯುತ್ತಿದ್ದುದು ಹೀಗೆ. ಆಮ್ಲಜನಕದೊಂದಿಗೆ ಉರಿದಾಗ ಜ್ವಾಲೆಯ ಬಿಸಿ 3,000 ಡಿಗ್ರಿ ದಾಟುತ್ತದೆ, ಉಕ್ಕು ಕರಗಿ ಹರಿಯುತ್ತದೆ. ಆದರೆ ಅಸಿಟಿಲೀನನ್ನು ಹಾಗೆಯೇ ಒತ್ತಿ ತುಂಬಿದರೆ, ಗಾಳಿಯ ಸಹಾಯವೂ ಇಲ್ಲದೆ ಅದು ತಾನಾಗಿ ಒಡೆದು ಸಿಡಿಯಬಲ್ಲದು. ಆದ್ದರಿಂದ ವೆಲ್ಡಿಂಗ್ ಅಂಗಡಿಯ ಸಿಲಿಂಡರಿನೊಳಗೆ ಸಣ್ಣ ರಂಧ್ರಗಳ ಘನವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಆ ಅಸಿಟೋನ್‌ನಲ್ಲಿ ಅನಿಲವನ್ನು ಕರಗಿಸಿಟ್ಟಿರುತ್ತಾರೆ. ಸ್ವೀಡನ್ನಿನ ಗುಸ್ತಾಫ್ ದಲೆನ್ ಈ ವಿಧಾನವನ್ನು ಸುಧಾರಿಸಿ, ಕಾವಲುಗಾರನಿಲ್ಲದೆ ತಾನಾಗಿ ಉರಿದು ಆರುವ ದೀಪಸ್ತಂಭಗಳನ್ನು ಕಡಲಲ್ಲಿ ನಿಲ್ಲಿಸಿದರು. 1912ರಲ್ಲಿ ಪ್ರಯೋಗವೊಂದರ ಸ್ಫೋಟದಲ್ಲಿ ಅವರ ಕಣ್ಣು ಹೋಯಿತು. ಅದೇ ವರ್ಷ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಕಾಯಿ ಬೇಗ ಹಣ್ಣಾಗಲೆಂದು ಕಾರ್ಬೈಡ್ ಪೊಟ್ಟಣ ಇಡುವವರು ನಂಬಿರುವುದೂ ಅಸಿಟಿಲೀನನ್ನೇ; ಎಥಿಲೀನ್‌ನ ಕೆಲಸವನ್ನು ಅದು ಅಷ್ಟಿಷ್ಟು ಮಾಡುತ್ತದೆ. ಆದರೆ ಮಾರುಕಟ್ಟೆಯ ಕಾರ್ಬೈಡ್‌ನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಇರುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮ ಅದನ್ನು ನಿಷೇಧಿಸಿದೆ. ಹಣ್ಣು ಮಾಗಿಸುವ ಕೋಣೆಗಳಲ್ಲಿ ಎಥಿಲೀನ್ ಅನಿಲವನ್ನೇ, ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು ಮೀರದಂತೆ, ಬಳಸಲು ಅವಕಾಶವಿದೆ. ಅಣುಗಳ ವ್ಯತ್ಯಾಸ ತಿಳಿದ ಮಾವಿನ ವ್ಯಾಪಾರಿ ತಿನ್ನುವವರ ಆರೋಗ್ಯವನ್ನೂ ಕಾಯಬಲ್ಲ.

ಉಂಗುರವಾಗಿ ಕೂಡಿದ ಆರು ಇಂಗಾಲಗಳ ಬೆನ್ಜೀನ್ ವಿಜ್ಞಾನಿಗಳನ್ನು ನೂರು ವರ್ಷ ಕಾಡಿತು. 1825ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ದೀಪದ ಅನಿಲದ ಸಿಲಿಂಡರುಗಳ ತಳದಲ್ಲಿ ಉಳಿದ ದ್ರವದಿಂದ ಅದನ್ನು ಬೇರ್ಪಡಿಸಿದರು. ಆರು ಇಂಗಾಲಕ್ಕೆ ಆರೇ ಜಲಜನಕ. ಹಾಗಿದ್ದ ಮೇಲೆ ಎಥಿಲೀನ್‌ನಂತೆ ಬ್ರೋಮಿನ್ನನ್ನು ಸೇರಿಸಿಕೊಳ್ಳಬೇಕಿತ್ತು, ಸೇರಿಸಿಕೊಳ್ಳುತ್ತಿರಲಿಲ್ಲ. 1865ರಲ್ಲಿ ಔಗುಸ್ಟ್ ಕೆಕುಲೆ ಉಂಗುರದ ರಚನೆ ಸೂಚಿಸಿದರು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್, ಬೆನ್ಜೀನ್ ಉಂಗುರವಿರುವ ಹರಳೊಂದರ ಮೂಲಕ ಎಕ್ಸ್-ಕಿರಣ ಹಾಯಿಸಿ, ಉಂಗುರ ಚಪ್ಪಟೆ ಎಂದು ಖಚಿತಪಡಿಸಿದರು. ಅದರ ಆರೂ ಬಂಧಗಳ ಉದ್ದ ಒಂದೇ, ಒಂಟಿ ಬಂಧಕ್ಕೂ ಜೋಡಿ ಬಂಧಕ್ಕೂ ನಡುವಿನದು. ಎಲೆಕ್ಟ್ರಾನ್‌ಗಳು ಇಡೀ ಉಂಗುರಕ್ಕೆ ಸೇರಿವೆ. ಆ ನೆಮ್ಮದಿಯನ್ನು ಬೆನ್ಜೀನ್ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇದು ಕ್ಯಾನ್ಸರ್ ತರುವ ವಸ್ತುವೂ ಹೌದು. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆನ್ಜೀನ್ ನೂರಕ್ಕೆ ಒಂದು ಪಾಲು ಮೀರಬಾರದೆಂಬ ಮಿತಿ ಅದಕ್ಕಾಗಿಯೇ ಇದೆ.

ಈಗ ಅಡುಗೆಮನೆಯ ಮಾತು. ಸಿಲಿಂಡರಿನ ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಒತ್ತಡದಲ್ಲಿ ದ್ರವವಾಗಿರುವ ಅದು ಹೊರಗೆ ಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಆವಿಯಾಗಲು ಶಾಖ ಬೇಕಾದ್ದರಿಂದ, ಮದುವೆ ಮನೆಯ ದೊಡ್ಡ ಒಲೆಗೆ ಜೋಡಿಸಿದ ಸಿಲಿಂಡರ್ ತಣ್ಣಗಾಗಿ ಮೈಯೆಲ್ಲ ಬೆವರುತ್ತದೆ. ಕೊಳವೆಯಲ್ಲಿ ಬರುವ ಅನಿಲವಾದರೋ ಬಹುಪಾಲು ಮೀಥೇನ್. ಒಂದು ಪಾಲು ಮೀಥೇನ್ ಪೂರ್ತಿ ಉರಿಯಲು ಹತ್ತು ಪಾಲಿಗೆ ಹತ್ತಿರ ಗಾಳಿ ಸಾಕು, ಪ್ರೊಪೇನ್‌ಗೆ 24 ಪಾಲು, ಬ್ಯೂಟೇನ್‌ಗೆ 31 ಪಾಲು ಬೇಕು. ಆದುದರಿಂದ ಸಿಲಿಂಡರ್ ಬಿಟ್ಟು ಕೊಳವೆ ಅನಿಲಕ್ಕೆ ಬದಲಾಗುವಾಗ ಒಲೆಯ ಜೆಟ್ ಬದಲಾಯಿಸಲೇಬೇಕು. ಅದನ್ನು ಮಾಡಬೇಕಾದವನು ತರಬೇತಾದ ಕೆಲಸಗಾರ.

ಈ ಯಾವ ಅನಿಲಕ್ಕೂ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಶಾಲೆಯಲ್ಲಿ ನೈಸರ್ಗಿಕ ಅನಿಲ ಯಾರ ಮೂಗಿಗೂ ತಿಳಿಯದಂತೆ ಸೋರಿ ಸ್ಫೋಟಿಸಿ, ಮಕ್ಕಳು ಮತ್ತು ಶಿಕ್ಷಕರು ಸೇರಿ ಸುಮಾರು 300 ಜನ ಸತ್ತರು. ಅದರ ನಂತರ ಅಲ್ಲಿ ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಬಂತು. ನಮ್ಮ ಎಲ್‌ಪಿಜಿಗೂ ಗಂಧಕವಿರುವ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಗ್ಯಾಸ್ ವಾಸನೆ ಎಂದು ಎಲ್ಲರೂ ಗುರುತಿಸುವುದು ಅದನ್ನೇ.

ವಾಸನೆ ಬಂದಾಗ ಏನು ಮಾಡಬೇಕೆಂಬುದೂ ಅಣುವಿನ ಗುಣದಿಂದಲೇ ತಿಳಿಯುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಸೋರಿದ ಎಲ್‌ಪಿಜಿ ಮೇಲಿನ ಗವಾಕ್ಷಿಗೆ ಹೋಗದೆ ನೆಲದ ಮೇಲೆ, ಕಟ್ಟೆಯ ಕೆಳಗೆ, ಮೋರಿಯ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಕಿಟಕಿಯ ಜೊತೆಗೆ ನೆಲಮಟ್ಟದವರೆಗೆ ತೆರೆಯುವ ಬಾಗಿಲನ್ನೂ ತೆರೆಯಬೇಕು. ರೆಗ್ಯುಲೇಟರ್ ಮುಚ್ಚಬೇಕು. ದೀಪದ ಸ್ವಿಚ್ಚನ್ನಾಗಲಿ ಫ್ಯಾನಿನ ಸ್ವಿಚ್ಚನ್ನಾಗಲಿ ಹಾಕಲೂ ಬಾರದು, ಆರಿಸಲೂ ಬಾರದು. ಸ್ವಿಚ್ಚಿನೊಳಗಿನ ಕಿಡಿಯೂ ಕಿಡಿಯೇ. ಮನೆಯವರೆಲ್ಲ ಹೊರಗೆ ಬಂದು, ದೂರ ನಿಂತು, ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು.